ಎದುರು ಕುಳಿತು ಕೇಳುವ ಸುಖ

ಸಂಗೀತವನ್ನು ಕುರಿತು ಬರೆಯುವ ಅಧಿಕಾರ ನನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ನಾನು ಗಾಯಕನಲ್ಲ. ತಂಬೂರಿಯ ಶ್ರುತಿ ಕೂಡಿಸಲು ನನಗೆ ಬಾರದು. ಹತ್ತು ರಾಗಗಳನ್ನು ಸಾಲಾಗಿ ಮುಂದೆ ನಿಲ್ಲಿಸಿದರೆ ನಾಲ್ಕರ ಗುರುತು ಹಿಡಿದೇನು; ಉಳಿದ ಆರು ನನ್ನನ್ನು ನೋಡಿ ನಕ್ಕು ಮುಂದೆ ಹೋದಾವು. ಆದರೆ ಅಡಿಗೆ ಬಾರದವನಿಗೂ ಹಸಿವು ಉಂಟು, ರುಚಿಯೂ ಉಂಟು. ಹಾಡುವುದಕ್ಕೆ ಗುರುವಿನ ಅಪ್ಪಣೆ ಬೇಕು; ಕೇಳುವುದಕ್ಕೆ ಎರಡು ಕಿವಿಗಳೂ ತುಸು ಬಿಡುವೂ ಇದ್ದರೆ ಸಾಕು. ಆ ಬಲದ ಮೇಲೆಯೇ ಈ ನಾಲ್ಕು ಮಾತುಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಮ್ಮೆ ತರಗತಿಯಲ್ಲಿ ಗಂಗೂಬಾಯಿ ಹಾನಗಲ್ಲರ ಮಾತು ಬಂದಿತು. ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಅವರ ಹಾಡು ಮೊಬೈಲಿನಲ್ಲಿಯೇ ಸಿಗುತ್ತದಲ್ಲ! ಕಚೇರಿಗೆ ಹೋಗಿ ಮೂರು ಗಂಟೆ ಕೂಡುವುದು ಯಾಕೆ?" ಎಂದಳು. ಎಲ್ಲರೂ ನಕ್ಕರು. ನಗೆ ಅಡಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಅದು ದೊಡ್ಡವರ ಸಂಗೀತ, ಸರ್. ನಮ್ಮಂಥವರನ್ನು ಅಲ್ಲಿ ಒಳಗೆ ಬಿಡುತ್ತಾರೆಯೇ?" ಎಂದು ಮೆಲ್ಲಗೆ ಕೇಳಿದನು. ಅದಕ್ಕೆ ಯಾರೂ ನಗಲಿಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಎರಡನೆಯದು ನನ್ನನ್ನು ಬಹಳ ದಿನ ಬಿಡಲಿಲ್ಲ.

ಯಂತ್ರದಲ್ಲಿ ಕೇಳುವ ಹಾಡನ್ನು ನಾನು ಹಳಿಯಲಾರೆ. ಅದು ಕೃತಘ್ನತೆಯಾದೀತು. ಗದಗು ಸೀಮೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಎಂಬ ಹುಡುಗನು ಸಂಗೀತದ ಹುಚ್ಚು ಹಿಡಿಸಿಕೊಂಡುದು ಒಂದು ಗ್ರಾಮಫೋನ್ ತಟ್ಟೆಯಿಂದ. ಆ ತಟ್ಟೆಯಲ್ಲಿದ್ದುದು ಉಸ್ತಾದ ಅಬ್ದುಲ್ ಕರೀಮಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಒಂದು ಠುಮರಿ. ಅದನ್ನು ಕೇಳಿದ ಮೇಲೆ ಹುಡುಗನಿಗೆ ಮನೆ ಸೇರದಾಯಿತು. 1933ರಲ್ಲಿ, ಹನ್ನೊಂದು ವರುಷದ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಓಡಿಹೋದನು. ರೈಲಿನಿಂದ ರೈಲಿಗೆ, ಊರಿನಿಂದ ಊರಿಗೆ ಅಲೆದು ಗ್ವಾಲಿಯರ್ ಕಂಡು ಪಂಜಾಬಿನ ಜಾಲಂಧರದವರೆಗೆ ಹೋದನು. ಅಲ್ಲಿ ಅವನನ್ನು ಕಂಡ ವಿನಾಯಕರಾವ ಪಟವರ್ಧನರು, ಗುರು ನಿನ್ನ ಊರಿನ ಹತ್ತಿರವೇ ಇದ್ದಾರೆ, ಸವಾಯಿ ಗಂಧರ್ವರ ಬಳಿಗೆ ಹೋಗು ಎಂದು ತಿಳಿಸಿದರು. ಭಾರತವನ್ನು ಅರ್ಧ ಸುತ್ತಿದ ಹುಡುಗನು ತಿರುಗಿ ಧಾರವಾಡ ಜಿಲ್ಲೆಯ ಕುಂದಗೋಳಕ್ಕೆ ಬಂದು, ಗುರುಗೃಹದಲ್ಲಿ ನೀರು ಹೊತ್ತು, ಸೇವೆ ಮಾಡಿ, ವಿದ್ಯೆ ಪಡೆದನು. ಅದೇ ಹುಡುಗನಿಗೆ 2008ರಲ್ಲಿ ಭಾರತರತ್ನ ಪ್ರಶಸ್ತಿ ಘೋಷಿತವಾಯಿತು.

ತಟ್ಟೆಯು ಅವನಿಗೆ ಹಸಿವನ್ನು ಹುಟ್ಟಿಸಿತು. ಆದರೆ ಆ ಹಸಿವು ತಟ್ಟೆಯಿಂದ ತಣಿಯಲಿಲ್ಲ. ಅಂದಿನ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷ ಮಾತ್ರ ಹಾಡುತ್ತಿತ್ತು. ಒಂದು ಗಂಟೆ ಹರಡಿ ಹಾಡಬೇಕಾದ ರಾಗವನ್ನು ಗವಾಯಿಗಳು ಮೂರು ನಿಮಿಷದಲ್ಲಿ ಮಡಿಸಿ ಇಡುತ್ತಿದ್ದರು. ಸೀರೆಯನ್ನು ಅಂಗಡಿಯಲ್ಲಿ ಮಡಿಕೆಯಲ್ಲಿ ಕಂಡ ಹಾಗೆ. ಬಣ್ಣ ಕಾಣುತ್ತದೆ, ಸೆರಗು ಕಾಣುವುದಿಲ್ಲ. ಇಂದಿನ ಯಂತ್ರಗಳು ಮೂರು ಗಂಟೆಯನ್ನೂ ಹಿಡಿದಿಡುತ್ತವೆ, ನಿಜ. ಆದರೆ ಬೇಸರವಾದ ಕೂಡಲೆ ಬೆರಳು ತಾನಾಗಿ ಮುಂದೋಡುತ್ತದೆ. ಹಾಡಿಗೆ ಮೂರು ಗಂಟೆ ಸಿಕ್ಕಿತು. ನಮಗೆ ಮೂರು ನಿಮಿಷದ ತಾಳ್ಮೆಯೂ ಹೋಯಿತು.

ಕಚೇರಿಯಲ್ಲಿ ಹಾಗೆ ಓಡಲು ಬಾರದು. ಅಲ್ಲಿ ಕಾಲವು ಗಾಯಕರ ವಶದಲ್ಲಿರುತ್ತದೆ. ಖ್ಯಾಲ್ ಗಾಯನದ ವಿಲಂಬಿತ ಏಕತಾಳದಲ್ಲಿ ಹನ್ನೆರಡು ಮಾತ್ರೆಗಳಿವೆ. ಕಿರಾಣಾ ಘರಾಣೆಯವರು ಅದನ್ನು ಬಹಳ ನಿಧಾನವಾಗಿ ನಡೆಸುತ್ತಾರೆ. ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುವುದುಂಟು. ಗಾಯಕರು ಸ್ವರಗಳ ಕಾಡಿನಲ್ಲಿ ಎಲ್ಲೆಲ್ಲಿಯೋ ಅಲೆಯುತ್ತಾರೆ. ದಾರಿ ತಪ್ಪಿತೆಂದು ನಾವು ಕಳವಳಪಡುತ್ತಿರುವಾಗಲೇ ಸರಿಯಾಗಿ ಮೊದಲನೆಯ ಮಾತ್ರೆಗೆ, 'ಸಮ್' ಎನ್ನುವ ಆ ಮನೆಯ ಬಾಗಿಲಿಗೆ, ಬಂದು ನಿಲ್ಲುತ್ತಾರೆ. ಆಗ ಸಭೆಯಲ್ಲಿದ್ದ ನೂರು ತಲೆಗಳು ಒಟ್ಟಿಗೆ ತೂಗುತ್ತವೆ. ಶಾಸ್ತ್ರ ಬಲ್ಲವನ ತಲೆಯೂ ತೂಗುತ್ತದೆ, ಬಾರದವನದೂ ತೂಗುತ್ತದೆ. ಆ ತಲೆದೂಗನ್ನು ಕಂಡು ಗಾಯಕರಿಗೆ ಹುರುಪೇರುತ್ತದೆ. ಅವರ ಹುರುಪಿನಿಂದ ನಮಗೆ ಮತ್ತೆ ಸುಖ. ಈ ಕೊಡುಕೊಳ್ಳುವಿಕೆ ಮೊಬೈಲಿನಲ್ಲಿ ಇಲ್ಲ. ನೀವು ಎಷ್ಟು ತಲೆದೂಗಿದರೂ ಅದಕ್ಕೆ ತಿಳಿಯದು.

ನಾನು ಚಿಕ್ಕವನಿದ್ದಾಗ ಸೋದರಮಾವನ ಕೈ ಹಿಡಿದು ಕುಂದಗೋಳದ ನಾಡಗೀರರ ವಾಡೆಗೆ ಹೋಗಿದ್ದೆ. ಸವಾಯಿ ಗಂಧರ್ವರ ಸ್ಮರಣೆಗಾಗಿ ಅಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಹಳೆಯ ಕಂಬಗಳ ನಡುವೆ ಜಮಖಾನೆಯ ಮೇಲೆ ಜನ ಒತ್ತಾಗಿ ಕುಳಿತಿದ್ದರು. ನನ್ನ ಪಕ್ಕದಲ್ಲಿದ್ದವರು ಒಬ್ಬ ರೈತ ಅಜ್ಜ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಯಡಿಕೆ. ನಡುರಾತ್ರಿ ನಿದ್ದೆಗೆ ನನ್ನ ತಲೆ ಅವರ ಭುಜಕ್ಕೆ ಒರಗಿತು. ಅವರು ನನ್ನನ್ನು ಸರಿಸಲಿಲ್ಲ, ಎಬ್ಬಿಸಲೂ ಇಲ್ಲ. ಕಂಬಳಿಯ ಸೆರಗನ್ನು ನನ್ನ ಮೇಲೆ ಎಳೆದು ತಾಳ ಹಾಕುತ್ತ ಕುಳಿತರು. ಬೆಳಗಿನ ಜಾವ ಎಚ್ಚರವಾದಾಗಲೂ ಆ ಬೆರಳುಗಳು ತೊಡೆಯ ಮೇಲೆ ಎಣಿಸುತ್ತಲೇ ಇದ್ದವು. ಸಂಗೀತವು ದೊಡ್ಡವರದೆಂದು ಯಾರಾದರೂ ಹೇಳಿದಾಗ ನನಗೆ ಆ ಅಜ್ಜನ ನೆನಪಾಗುತ್ತದೆ.

ರಾತ್ರಿಯೆಲ್ಲ ನಡೆಯುವ ಬಯಲು ಕಚೇರಿಗಳು ಈಗ ವಿರಳ. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಲು ಬಾರದು. ವರುಷದಲ್ಲಿ ಕೆಲವು ದಿನ ಮಾತ್ರ ನಡುರಾತ್ರಿಯವರೆಗೆ ರಿಯಾಯಿತಿ. ಮಲಾಡಿನ ಚಾಳುಗಳಲ್ಲಿ ಪರೀಕ್ಷೆಯ ಹಿಂದಿನ ದಿನ ಓದಲು ಕುಳಿತ ನಿಮಗೆ ಈ ನಿಯಮದ ಉಪಕಾರ ಎಷ್ಟೆಂಬುದು ಗೊತ್ತು. ಆದರೆ ಅದರಿಂದ ಒಂದು ನಷ್ಟವೂ ಆಗಿದೆ. ನಮ್ಮ ರಾಗಗಳಿಗೆ ಹೊತ್ತುಗೊತ್ತುಗಳಿವೆ. ಕಚೇರಿ ಹತ್ತಕ್ಕೇ ಮುಗಿದರೆ ನಡುರಾತ್ರಿಯ ರಾಗಗಳು ಯಾವಾಗ ಹೊರಗೆ ಬರಬೇಕು?

ಇನ್ನು ಎರಡನೆಯ ಪ್ರಶ್ನೆ. ಒಳಗೆ ಬಿಡುತ್ತಾರೆಯೇ?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಆ ಗಾಯಕರೇ ಕೇಳಿಕೊಂಡಿದ್ದರು. ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನಿಪುಣರು. ಹಾಡುವವರ ಮನೆತನವೆಂದರೆ ಅಂದಿನ ಸಮಾಜಕ್ಕೆ ಕೀಳು. ಹುಡುಗಿಯಾಗಿದ್ದಾಗ ಪಕ್ಕದವರ ತೋಟಕ್ಕೆ ಹೋಗಿ ಮಾವಿನಕಾಯಿ ಕದ್ದರಂತೆ. ಕಾಯಿ ಹೋದುದಕ್ಕಿಂತ ಹಾಡುವವರ ಮಗಳು ತೋಟದೊಳಗೆ ಕಾಲಿಟ್ಟಳೆಂಬುದೇ ತೋಟದವರಿಗೆ ದೊಡ್ಡ ಅಪರಾಧವಾಯಿತಂತೆ. ಪಾಠಕ್ಕೆ ಹೋಗುವ ದಾರಿಯಲ್ಲಿ 'ಗಾನೇವಾಲಿ' ಎಂದು ಜನ ಹಂಗಿಸುತ್ತಿದ್ದುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಮಹಾತ್ಮಾ ಗಾಂಧಿಯವರ ಎದುರಿನಲ್ಲಿ, ಸ್ವಾಗತಗೀತ ಹಾಡಿದವರಲ್ಲಿ ಆ ಹುಡುಗಿಯೂ ಒಬ್ಬಳು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಚಿಕಿತ್ಸೆಯ ನಂತರ ಧ್ವನಿ ಗಡುಸಾಯಿತು. ಹೆಂಗಸಿನ ದನಿಯೆಂದು ಗುರುತು ಸಿಗದಷ್ಟು ಗಡುಸು. ಆ ದನಿಯನ್ನೇ ಅವರು ತಪಸ್ಸಿನಿಂದ ತಮ್ಮ ಸಂಪತ್ತಾಗಿ ಮಾಡಿಕೊಂಡರು. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರಲ್ಲಿ ಅವರು ತೀರಿಕೊಂಡಾಗ ನಾಡೇ ಅತ್ತಿತು. ಕೊನೆಗೂ ತೋಟದ ಬಾಗಿಲು ಅವರಿಗೆ ತೆರೆಯಿತು. ತೆರೆಯಿಸಿದ್ದು ಅವರ ಹಾಡು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಪಂಚಾಕ್ಷರಿ ಗವಾಯಿಗಳು ಅಂಧರು. ತಮ್ಮಂಥ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನವನ್ನೂ ಸ್ವರವನ್ನೂ ಒಟ್ಟಿಗೆ ಉಣಬಡಿಸಿದರು. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರಲ್ಲಿ ದೇಹ ಬಿಡುವವರೆಗೆ ಆ ಪಂಕ್ತಿಯನ್ನು ನಡೆಸಿದರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದ ಪಂಡಿತ ವೆಂಕಟೇಶಕುಮಾರರು ಬಾಲ್ಯದಲ್ಲಿಯೇ ಆಶ್ರಮ ಸೇರಿ ಪುಟ್ಟರಾಜರ ಕೈಯಲ್ಲಿ ಬೆಳೆದವರು. ಕೆಲವು ವರುಷಗಳ ಹಿಂದೆ ಮುಂಬಯಿಯ ಒಂದು ಸಭೆಯಲ್ಲಿ ಅವರ ಗಾಯನವನ್ನು ಕೇಳುವ ಯೋಗ ನನಗೆ ಬಂದಿತು. ಎರಡು ಗಂಟೆ ಖ್ಯಾಲ್ ಹಾಡಿ, ಕೊನೆಗೆ ಒಂದು ವಚನವನ್ನು ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮರಾಠಿ, ಗುಜರಾತಿ ರಸಿಕರು ಅರ್ಥ ತಿಳಿಯದೆಯೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಥ ತಿಳಿದವನು ಹಿಂದಿನ ಸಾಲಿನಲ್ಲಿದ್ದ ನಾನು. ಆ ಒಂದು ಗಳಿಗೆಯಲ್ಲಿ ಇಡೀ ಸಭಾಗೃಹದಲ್ಲಿ ನನ್ನಷ್ಟು ಶ್ರೀಮಂತನು ಬೇರೊಬ್ಬನಿರಲಿಲ್ಲವೆಂದು ನನಗೆ ತೋರಿತು.

ಮಿತ್ರರೇ, ಈ ನಗರದಲ್ಲಿ ಕನ್ನಡ ಶಾಲೆಯಲ್ಲಿ ಓದುವ ನಿಮಗೆ ಒಮ್ಮೊಮ್ಮೆ, ನಾವು ಬೇರೆಯವರ ಅಂಗಳದಲ್ಲಿ ನಿಂತವರು ಎನ್ನಿಸುವುದುಂಟು. ಊರಿನಿಂದ ಬಂದ ಹೊಸದರಲ್ಲಿ ನನಗೂ ಹಾಗೆ ಅನ್ನಿಸುತ್ತಿತ್ತು. ಸಂಗೀತದ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದವು. ಗವಾಯಿಗಳೂ ನಾಟಕ ಕಂಪನಿಗಳೂ ಈ ದಾರಿಯಲ್ಲಿ ಹಗಲಿರುಳು ಓಡಾಡುತ್ತಿದ್ದರು. ಉತ್ತರದ ಕೈರಾನಾದಲ್ಲಿ ಹುಟ್ಟಿದ ಕರೀಮಖಾನರು ಮೈಸೂರಿನ ಆಸ್ಥಾನಕ್ಕೆ ಹೋಗಿ ಬರುವ ದಾರಿಯಲ್ಲಿ ಧಾರವಾಡದಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯ ಮೇಲೆ ಹಾಡಿ 'ಸವಾಯಿ ಗಂಧರ್ವ'ರೆನಿಸಿದರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತ ಒಂದು ಕಾಲು ಹೆಚ್ಚು. ಧಾರವಾಡದ ಹತ್ತಿರದ ಮನ್ಸೂರು ಹಳ್ಳಿಯ ಮಲ್ಲಿಕಾರ್ಜುನ ಮನ್ಸೂರರು ಇದೇ ಮುಂಬಯಿಯಲ್ಲಿ ಉಸ್ತಾದ ಅಲ್ಲಾದಿಯಾಖಾನರ ಮಗ ಮಂಜೀಖಾನರಿಗೆ ಶಿಷ್ಯರಾದರು. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಬುರ್ಜೀಖಾನರಲ್ಲಿ ಪಾಠ ಮುಂದುವರಿಸಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೋಮಕಲಿ, ಅಂದರೆ ಕುಮಾರ ಗಂಧರ್ವ, ಬಾಲಕನಾಗಿದ್ದಾಗಲೇ ಮುಂಬಯಿಗೆ ಬಂದು ಪ್ರೊಫೆಸರ್ ದೇವಧರರ ಸಂಗೀತ ಶಾಲೆಯಲ್ಲಿ ಬೆಳೆದನು. ಕ್ಷಯರೋಗದಿಂದ ವರುಷಗಟ್ಟಲೆ ಹಾಸಿಗೆ ಹಿಡಿದು, ಒಂದು ಶ್ವಾಸಕೋಶದ ಬಲವನ್ನು ಕಳೆದುಕೊಂಡೂ, ದೇವಾಸದಲ್ಲಿ ಎದ್ದು ಕುಳಿತು ಮತ್ತೆ ಹಾಡಿದನು.

ಇವರೆಲ್ಲರ ಮನೆಯ ಮಾತು ಕನ್ನಡ. ಗುರುಗಳಲ್ಲಿ ಹಲವರು ಉರ್ದು, ಮರಾಠಿ ಆಡುವವರು. ಹಾಡಿದ ಚೀಜುಗಳು ವ್ರಜಭಾಷೆಯವು. ಒಂದು ಭಾಷೆಯಲ್ಲಿ ಬೇರೂರಿದವನು ಇನ್ನೊಂದಕ್ಕೆ ಅಂಜಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಮನ್ಸೂರರು ವಚನಗಳನ್ನು ಬಿಡಲಿಲ್ಲ. ಭೀಮಸೇನರು ದಾಸರ ಪದಗಳನ್ನು ಬಿಡಲಿಲ್ಲ. ಖಾನರ ಮನೆಯ ವಿದ್ಯೆಯೂ ತಾಯಿಯ ಮಾತೂ ಒಂದೇ ಕಂಠದಲ್ಲಿ ಜಗಳವಿಲ್ಲದೆ ಇದ್ದವು.

ಆದುದರಿಂದ ನನ್ನದೊಂದು ಸಲಹೆ. ಮಲಾಡಿನಿಂದ ಲೋಕಲ್ ಗಾಡಿ ಹತ್ತಿದರೆ ದಾದರ, ಮಾಟುಂಗಾ ರೋಡ್ ದೂರವೇನಲ್ಲ. ಮಾಹಿಮಿನ ಕರ್ನಾಟಕ ಸಂಘ, ಮಾಟುಂಗೆಯ ಮೈಸೂರು ಅಸೋಸಿಯೇಶನ್ ಮೊದಲಾದ ಕನ್ನಡಿಗರ ಸಂಸ್ಥೆಗಳು ಈ ನಗರದಲ್ಲಿವೆ. 1963ರಲ್ಲಿ ಆರಂಭವಾಗಿ, 1990ರ ಬೆಂಕಿಯಲ್ಲಿ ಸುಟ್ಟು, 1998ರಲ್ಲಿ ಮತ್ತೆ ಎದ್ದು ನಿಂತ ಷಣ್ಮುಖಾನಂದ ಸಭಾಗೃಹವಿದೆ. ಹಣವಿಲ್ಲದೆ ಕೇಳಬಹುದಾದ ಕಚೇರಿಗಳೂ ಈ ಊರಿನಲ್ಲಿ ಆಗಾಗ ನಡೆಯುತ್ತವೆ. ಪತ್ರಿಕೆಯಲ್ಲಿ ಪ್ರಕಟಣೆ ಕಂಡಾಗ ತಂದೆತಾಯಿಗಳನ್ನು ಕರೆದುಕೊಂಡು ಹೋಗಿರಿ. ಹೊಸ ಅಂಗಿ ಬೇಕಿಲ್ಲ, ಒಗೆದ ಅಂಗಿ ಸಾಕು. ತಂಬೂರಿಯ ಶ್ರುತಿ ಕೂಡುವ ಮೊದಲೇ ಹೋಗಿ ಕುಳಿತುಕೊಳ್ಳಿರಿ. ತಬಲಾ ಆರಂಭವಾದ ಮೇಲೆ ಬೆರಳಿನಲ್ಲಿ ಹನ್ನೆರಡು ಎಣಿಸಿರಿ. ಮೊದಲು ತಪ್ಪುತ್ತದೆ, ಮತ್ತೆ ಎಣಿಸಿರಿ. ಐದಾರು ಸುತ್ತು ಕಳೆಯುವುದರೊಳಗೆ ಯಾವುದೋ ಒಂದು ಸಮ್ಮಿಗೆ ನಿಮ್ಮ ತಲೆ ನಿಮ್ಮನ್ನು ಕೇಳದೆಯೇ ತೂಗೀತು. ಅಂದು ನಿಮ್ಮ ಅಕ್ಕಪಕ್ಕದಲ್ಲಿ ಕುಳಿತವರು ಯಾರು, ದೊಡ್ಡವರೋ ಚಿಕ್ಕವರೋ, ಎಂಬುದು ನಿಮಗೆ ನೆನಪಿಗೇ ಬಾರದು.