ಮಾರಿಕುಪ್ಪಂ ರೈಲು ಮತ್ತು ಪಾತಾಳದ ಸೂರ್ಯ

ಯುಗಾದಿ ಕಳೆದಿತ್ತು, ತಮಿಳರ ಹೊಸವರ್ಷ ಇನ್ನೂ ಬಂದಿರಲಿಲ್ಲ. 2025ರ ಏಪ್ರಿಲ್‌ನ ಆ ನಡುವಿನ ದಿನಗಳಲ್ಲೇ ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ಗೆ ಹೋಗಬೇಕೆಂದು ನಾನು ಬೇಕೆಂದೇ ಕಾದಿದ್ದೆ. ಕೆಲವು ತಿಂಗಳಿಂದ ಮಧ್ಯ ಅಮೆರಿಕದ ಮಾಯಾ ಜನರ ಪಂಚಾಂಗದ ಬಗ್ಗೆ ಓದುತ್ತಿದ್ದೆ. ಎರಡು ಬೇರೆ ಬೇರೆ ಎಣಿಕೆಗಳನ್ನು ಒಟ್ಟಿಗೇ ಬಾಳಿದ ಜನ ಅವರು. ಅಂಥ ಊರು ನಮ್ಮಲ್ಲೂ ಇದೆ, ಬೆಂಗಳೂರಿನಿಂದ ರೈಲಿನಲ್ಲಿ ಎರಡು ಗಂಟೆಯ ಆಸುಪಾಸಿನಲ್ಲೇ ಇದೆ ಎನ್ನುವುದು ಓದುತ್ತ ಓದುತ್ತ ಹೊಳೆದಿತ್ತು.

ಬಂಗಾರಪೇಟೆ ಜಂಕ್ಷನ್‌ನಲ್ಲಿ ಇಳಿದು ಪೇಟೆಗೆ ನಡೆದೆ. ನೀರಿನಂತೆ ತಿಳಿಯಾದ ಪಾನಿಗೆ ಹೆಸರಾದ ಇಲ್ಲಿನ ಪಾನಿಪುರಿ ತಿನ್ನದೆ ಮುಂದೆ ಹೋಗುವ ಹಾಗಿಲ್ಲ. ತಿಂದು, ಪಕ್ಕದ ಗ್ರಂಥಿಗೆ ಅಂಗಡಿಯಲ್ಲಿ ಕಣ್ಣಾಡಿಸಿದೆ. ಒಂದೇ ಮೊಳೆಯ ಸಾಲಿನಲ್ಲಿ ಕನ್ನಡ ಪಂಚಾಂಗ, ತೆಲುಗು ಪಂಚಾಂಗ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್. ಕನ್ನಡ, ತೆಲುಗಿನವರಿಗೆ ವಿಶ್ವಾವಸು ಸಂವತ್ಸರ ಮಾರ್ಚ್ 30ಕ್ಕೇ ಶುರುವಾಗಿತ್ತು. ತಮಿಳರಿಗೆ ಅದೇ ವಿಶ್ವಾವಸು ಏಪ್ರಿಲ್ 14ರಂದು ಬರಬೇಕಿತ್ತು. ನಮ್ಮದು ಚಂದ್ರನನ್ನು ಹಿಡಿದು ನಡೆಯುವ ಲೆಕ್ಕ, ಚೈತ್ರ ಶುದ್ಧ ಪಾಡ್ಯದಿಂದ ವರ್ಷ. ಅವರದು ಸೂರ್ಯ ಮೇಷಕ್ಕೆ ಕಾಲಿಡುವುದರಿಂದ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ, ಸೂರ್ಯನಿಗೆ 365 ಚಿಲ್ಲರೆ. ಹಿಂದೆ ಬಿದ್ದ ಚಂದ್ರನನ್ನು ಸುಮಾರು ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ.

ಮಾಯಾ ಜನ ಇದನ್ನು ಬೇರೆ ರೀತಿ ಬಿಡಿಸಿಕೊಂಡರು. ಅವರ ಹಾಬ್ ವರ್ಷಕ್ಕೆ 365 ದಿನ: ಇಪ್ಪತ್ತು ದಿನಗಳ ಹದಿನೆಂಟು ತಿಂಗಳು, ಕೊನೆಗೆ ಅಶುಭವೆಂದು ಹೆದರುತ್ತಿದ್ದ ಐದು ದಿನ. ಇದರ ಜೊತೆಗೆ ಪೂಜೆ, ಶಕುನಗಳಿಗಾಗಿ 260 ದಿನಗಳ ಇನ್ನೊಂದು ಚಕ್ರ. ಎರಡನ್ನೂ ತಿದ್ದದೆ ತಮ್ಮ ಪಾಡಿಗೆ ತಿರುಗಲು ಬಿಟ್ಟರು. ಒಮ್ಮೆ ಜೊತೆಯಾದ ಎರಡು ದಿನಗಳು ಮತ್ತೆ ಜೊತೆಯಾಗುವುದು 18,980 ದಿನಗಳ ಮೇಲೆ, ಅಂದರೆ 52 ವರ್ಷಕ್ಕೆ. ನಮ್ಮ ಸಂವತ್ಸರ ಚಕ್ರ ಮರಳುವುದು 60 ವರ್ಷಕ್ಕೆ. ಅದಕ್ಕೇ ನಮ್ಮ ಮನೆಗಳಲ್ಲಿ ಷಷ್ಟಿಪೂರ್ತಿ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತ್ತು. ಮಾಯಾ ಜನರ ದೀರ್ಘ ಎಣಿಕೆ ಶುರುವಾಗುವುದು ಕ್ರಿ.ಪೂ. 3114ರ ಆಗಸ್ಟ್‌ನಲ್ಲಿ. ನಮ್ಮ ಕಲಿಯುಗ ಕ್ರಿ.ಪೂ. 3102ರ ಫೆಬ್ರವರಿಯಲ್ಲಿ. ನಡುವೆ ಹನ್ನೆರಡು ವರ್ಷವೂ ಇಲ್ಲ! ಇದರಲ್ಲಿ ಗುಟ್ಟಿನ ನಂಟು ಹುಡುಕುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆರ್ಯಭಟ ತನಗೆ ಇಪ್ಪತ್ತಮೂರು ವರ್ಷವಾದಾಗ ಕಲಿಯುಗದ 3,600 ವರ್ಷ ಕಳೆದಿದ್ದವೆಂದು ಬರೆದ. ಅಂದರೆ ಅದು ಕ್ರಿ.ಶ. 499. ಎರಡೂ ಕಡೆಯ ಜೋಯಿಸರು ತಮ್ಮ ಕಾಲದಲ್ಲಿ ನಿಂತು ಗಣಿತದಿಂದ ಹಿಂದಕ್ಕೆ ಎಣಿಸಿ ಆದಿಯೊಂದನ್ನು ಗೊತ್ತುಮಾಡಿದರು. ಕಾಲಕ್ಕೊಂದು ಆದಿ ಬೇಕೆನ್ನುವ ಹಂಬಲವಷ್ಟೇ ಇಬ್ಬರಿಗೂ ಸಮಾನ.

ಮಾರಿಕುಪ್ಪಂ ರೈಲು ಹತ್ತಿದೆ. ಗಣಿಗಾಗಿಯೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಕಿದ ಕವಲು ಹಳಿ ಇದು. ಬಿಇಎಂಎಲ್ ನಗರ, ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ಸ್ಟೇಷನ್ ಹೆಸರುಗಳಲ್ಲೇ ಗಣಿಗಳ ಚರಿತ್ರೆ ಇದೆ. ಎದುರಿಗೆ ಕೂತಿದ್ದ ಹಿರಿಯರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ತಮಿಳು ಬೆರೆತ ಕನ್ನಡದಲ್ಲಿ ಕೆಳಗಿನ ಸೆಕೆಯ ಬಗ್ಗೆ ಹೇಳತೊಡಗಿದರು. “ಕೇಜ್ ಹತ್ತೋವಾಗ ಅಮ್ಮನ್ನ ನೆನಸ್ಕೊಂಡೇ ಹತ್ತೋದು ಸಾರ್. ರಾಕ್ ಬರ್ಸ್ಟ್ ಆಯ್ತು ಅಂದ್ರೆ ಮೇಲೆ ಲೈನ್ ಮನೇಲಿರೋ ಪಾತ್ರೆ ಎಲ್ಲಾ ಅಲ್ಲಾಡ್ತಿತ್ತು.” ಹೀತ್‌ಕೋಟ್ ಶಾಫ್ಟ್ ಗೊತ್ತೇ ಎಂದು ಕೇಳಿದೆ. “ಗೊತ್ತಿಲ್ದೆ ಏನ್ ಸಾರ್, ಸೈಂಟಿಸ್ಟ್‌ಗಳು ಇಳೀತಿದ್ದ ಜಾಗ ತಾನೆ?” ಎಂದರು. ಕಿಟಕಿಯಾಚೆ, ಚಿನ್ನ ತೆಗೆದುಳಿದ ಗಣಿ ಮಣ್ಣಿನ ಸೈನೈಡ್ ದಿಬ್ಬಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

ಎರಡು ಪಂಚಾಂಗಗಳ ಜೊತೆಗೆ ನನ್ನನ್ನು ಇಲ್ಲಿಗೆ ಎಳೆದದ್ದು ಆ ಜಾಗ. ಆಕಾಶದಿಂದ ವಿಶ್ವಕಿರಣಗಳು ಸದಾ ನಮ್ಮ ವಾತಾವರಣಕ್ಕೆ ಬಡಿಯುತ್ತಿರುತ್ತವೆ. ಆ ಬಡಿತದಲ್ಲಿ ಮ್ಯುವಾನ್, ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಮ್ಯುವಾನ್‌ಗಳು ಬಂಡೆಯಲ್ಲಿ ಒಂದಷ್ಟು ಆಳ ಇಳಿದು ನಿಲ್ಲುತ್ತವೆ. ನ್ಯೂಟ್ರಿನೋಗಳಿಗೆ ಇಡೀ ಭೂಮಿಯೂ ಅಡ್ಡಿಯಲ್ಲ. ಹೋಮಿ ಭಾಭಾ ಅವರ ಪ್ರೇರಣೆಯಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇಲ್ಲಿ ಮ್ಯುವಾನ್‌ಗಳನ್ನು ಅಳೆಯಲು ಇಳಿದರು. ನಂಜನಗೂಡಿನ ಕಡೆಯವರು ಅವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಅರವತ್ತರ ದಶಕದ ಆರಂಭದಲ್ಲಿ ಉಪಕರಣಗಳು ಇನ್ನೂ ಕೆಳಗಿಳಿದವು. ಸುಮಾರು 2,700 ಮೀಟರ್ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದು ಮ್ಯುವಾನ್ ಕೂಡ ಬರಲಿಲ್ಲ. ಬೇರೆ ಯಾರಿಗಾದರೂ ಇದು ಬರಿಗೈ ಅನ್ನಿಸಬಹುದಿತ್ತು. ಅವರಿಗೆ ಇದೇ ಬೇಕಿದ್ದ ನಿಶ್ಶಬ್ದ. ಇಷ್ಟು ಸದ್ದಡಗಿದ ಕಡೆ ಏನಾದರೂ ಮಿಂಚಿದರೆ ಅದು ನ್ಯೂಟ್ರಿನೋದ ಕೆಲಸವೇ ಆಗಿರಬೇಕು.

ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಈ ತಂಡದಲ್ಲಿದ್ದರು. ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಮಿಯಾಕೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಆರ್ನಲ್ಡ್ ವುಲ್ಫೆಂಡೇಲ್ ಕೈಜೋಡಿಸಿದರು. ಹೀತ್‌ಕೋಟ್ ಶಾಫ್ಟ್‌ನಿಂದ ಹೋಗಿ, ಸುಮಾರು 2.3 ಕಿಲೋಮೀಟರ್ ಆಳದ ಸುರಂಗದಲ್ಲಿ ಕಣ ಹಾದಾಗ ಮಿಂಚುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು, ನಡುವೆ ನಿಯಾನ್ ಕೊಳವೆಗಳನ್ನು ಜೋಡಿಸಿದರು. ನೆಟ್ಟಗೆ ನಿಲ್ಲಿಸಲು ಕಾರಣವಿತ್ತು. ಮೇಲಿಂದ ಬರುವುದು ಅಪರೂಪಕ್ಕೆ ಉಳಿದ ಮ್ಯುವಾನ್ ಇರಬಹುದು. ಅಡ್ಡದಿಂದ ಬರುವುದಕ್ಕೆ ಕಿಲೋಮೀಟರ್‌ಗಟ್ಟಲೆ ಹೆಚ್ಚು ಬಂಡೆ ದಾಟಬೇಕು, ಅದು ಮೇಲಿನ ಮ್ಯುವಾನ್‌ನಿಂದ ಆಗದ ಮಾತು. 1965ರಲ್ಲಿ ಹಾಗೆ ಅಡ್ಡ ಬಂದ ಗೆರೆಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು ಅದು. ಅದರ ವರದಿ ಅಚ್ಚಾದದ್ದು ಆ ವರ್ಷದ ಆಗಸ್ಟ್ 15ರಂದು. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನೆಸ್ ತಂಡಕ್ಕೆ ಅದೇ ವರ್ಷದ ಫೆಬ್ರವರಿಯಲ್ಲಿ ಇಂಥದೇ ಗೆರೆ ಕಂಡಿತ್ತು, ಅವರ ವರದಿ ಬಂದದ್ದು ಎರಡು ವಾರ ತಡವಾಗಿ. ಮೊದಲಿಗರ ಸಾಲಿನಲ್ಲಿ ಎರಡೂ ಗಣಿಗಳಿಗೆ ಜಾಗವಿದೆ.

ಚಾಂಪಿಯನ್‌ನಲ್ಲಿ ಇಳಿದು ಶಾಫ್ಟ್‌ಗಳ ಕಬ್ಬಿಣದ ಗೋಪುರಗಳನ್ನು ದೂರದಿಂದ ನೋಡುತ್ತ ನಿಂತಾಗ ಮತ್ತೆ ನೆನಪಾದದ್ದು ಮಾಯಾ ಜನರೇ. ಅವರ ಪಾತಾಳದ ಹೆಸರು ಶಿಬಾಲ್ಬಾ. ಪೊಪೊಲ್ ವೂಹ್ ಕಥೆಯಲ್ಲಿ ಅವಳಿ ವೀರರು ಅಲ್ಲಿಗೆ ಇಳಿದು, ಮೃತ್ಯುವಿನ ಒಡೆಯರನ್ನು ಉಪಾಯದಿಂದ ಸೋಲಿಸಿ, ಸೂರ್ಯ ಚಂದ್ರರಾಗಿ ಮೇಲೇರುತ್ತಾರೆ. ಮುಳುಗಿದ ಸೂರ್ಯ ರಾತ್ರಿಯಿಡೀ ಜಾಗ್ವಾರ್ ಆಗಿ ಪಾತಾಳದಲ್ಲಿ ನಡೆಯುತ್ತಾನೆಂಬ ಕಲ್ಪನೆ ಅವರ ಶಿಲ್ಪಗಳಲ್ಲಿದೆ ಎನ್ನುತ್ತಾರೆ ವಿದ್ವಾಂಸರು. ಚಿಚೆನ್ ಇಟ್ಜಾ ಬಳಿಯ ಬಲಾಂಕಾಂಚೆ ಗುಹೆಯ ಆಳದಲ್ಲಿ ಅವರು ಇಟ್ಟ ಧೂಪದ ಪಾತ್ರೆಗಳು ಇಂದಿಗೂ ಇವೆ. ಆಕಾಶವನ್ನು ಅರಿಯಬೇಕೆಂದರೆ ನೆಲದ ಒಳಕ್ಕೂ ಹೋಗಬೇಕು ಎಂದು ನಂಬಿದ್ದ ಜನ.

ಕಥೆಯನ್ನು ವಿಜ್ಞಾನ ಮಾಡಲು ನಾನು ಹೊರಟಿಲ್ಲ. ಆದರೆ ನಡುರಾತ್ರಿಯಲ್ಲೂ ಸೂರ್ಯನ ನ್ಯೂಟ್ರಿನೋಗಳು ಭೂಮಿಯನ್ನು ತೂರಿ ನಮ್ಮ ಅಂಗಾಲಿನಿಂದ ಮೇಲಕ್ಕೆ ಹಾಯುತ್ತವೆ ಎನ್ನುವುದು ನಿಜ. ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ! ಆ ಸೌರ ನ್ಯೂಟ್ರಿನೋಗಳನ್ನು ರೇಮಂಡ್ ಡೇವಿಸ್ ಮೊದಲು ಹಿಡಿದದ್ದೂ ಅಮೆರಿಕದ ಹೋಮ್‌ಸ್ಟೇಕ್ ಎಂಬ ಚಿನ್ನದ ಗಣಿಯಲ್ಲೇ. 1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ತಂಡ ಮೇಲಿಂದ ಬರುವ, ಕೆಳಗಿಂದ ಬರುವ ವಾತಾವರಣದ ನ್ಯೂಟ್ರಿನೋಗಳನ್ನು ಹೋಲಿಸಿ, ಅವು ದಾರಿಯಲ್ಲಿ ಬಗೆ ಬದಲಿಸುತ್ತವೆ ಎಂದು ತೋರಿಸಿತು. 2015ರ ನೊಬೆಲ್ ಆ ಕೆಲಸಕ್ಕೂ ಸಂದಿತು. ಅಲ್ಲಿ ಎಣಿಸಿದ ಕಣಗಳ ಮೊದಲ ಕುರುಹು ಕಂಡ ಊರುಗಳಲ್ಲಿ ಕೋಲಾರ ಜಿಲ್ಲೆಯ ಈ ಊರೂ ಒಂದು.

ಸಂಜೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿಬಂದೆ. 108 ಅಡಿಯ ಲಿಂಗ, ಸುತ್ತ ಸಾಲು ಸಾಲು ಪುಟ್ಟ ಲಿಂಗಗಳು. ಜನ ಸಾಕಷ್ಟಿದ್ದರು. ಹೀತ್‌ಕೋಟ್ ಶಾಫ್ಟ್‌ನ ವಿಚಾರ ಹೇಳುವ ಒಂದು ಫಲಕವೂ ಇಡೀ ದಿನದ ಓಡಾಟದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ತೊಂಬತ್ತರ ದಶಕದ ಆರಂಭದ ಹೊತ್ತಿಗೆ ಕೆಳಗಿನ ಪ್ರಯೋಗಗಳು ಮುಗಿದಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಪ್ರಯೋಗದ ಲೆಕ್ಕಾಚಾರವೆಲ್ಲ ಪ್ರಬಂಧಗಳಲ್ಲಿ ಭದ್ರವಾಗಿದೆ. ಅಷ್ಟು ಆಳಕ್ಕೆ ಉಪಕರಣ ಇಳಿಸಿದ, ಜಾಗ ಕೊರೆದ, ಉರಿಸೆಕೆಯಲ್ಲಿ ಗಾಳಿ ಆಡುವಂತೆ ನೋಡಿಕೊಂಡ ಗಣಿ ಕೆಲಸಗಾರರ ಮಾತು ಅಲ್ಲಿಲ್ಲ. ಮಾಯಾ ಜನರ ಗ್ರಂಥಗಳನ್ನು 1562ರಲ್ಲಿ ಮಾನಿ ಎಂಬ ಊರಿನಲ್ಲಿ ಪಾದ್ರಿ ಡಿಯೆಗೊ ದೆ ಲಾಂಡಾ ಸುಡಿಸಿದ. ಇಂದು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ. ಕೆಜಿಎಫ್‌ನಲ್ಲಿ ಯಾರೂ ಬೆಂಕಿ ಹಚ್ಚಬೇಕಿಲ್ಲ, ನಾವು ಕೇಳದೆ ಸುಮ್ಮನಿದ್ದರೂ ಸಾಕು. ಅಲ್ಲಿ ದುಡಿದ ಅಜ್ಜ, ಮಾವ, ದೊಡ್ಡಪ್ಪ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಈ ವಾರವೇ ಹೋಗಿ ಪಕ್ಕದಲ್ಲಿ ಕೂತು, ಹೀತ್‌ಕೋಟ್ ಶಾಫ್ಟ್‌ನ ಕಥೆ ಹೇಳಿಸಿ, ಬರೆದಿಡಿ.