ತಂಗಡಿಗೆ ಕತ್ತರಿ

ತುಮಕೂರಿನ ಬಡಾವಣೆಗಳಲ್ಲಿ ಮನೆಯವರ ಅಂತಸ್ತು ತಿಳಿಯಲು ಗೇಟಿನ ಪಕ್ಕದ ಗಿಡ ನೋಡಿದರೆ ಸಾಕು. ಬೋಗನ್‌ವಿಲ್ಲಾ ಇದ್ದರೆ ನಿವೃತ್ತ ಅಧಿಕಾರಿ, ಹುಲ್ಲುಹಾಸು ಇದ್ದರೆ ಸ್ವಂತ ಬೋರ್‌ವೆಲ್. ನನ್ನ ಗೇಟಿನ ಪಕ್ಕ ಇರುವುದು ತಂಗಡಿ. ಕೆಲವರ ಬಾಯಲ್ಲಿ ಆವರಿಕೆ. “ಏನ್ ಸಾರ್, ಗೋಮಾಳದ ಗಿಡಕ್ಕೆ ಕಾಂಪೌಂಡ್ ಕಟ್ಟಿಸಿದ್ದೀರಲ್ಲ!” ಎಂದು ಪಕ್ಕದ ಮನೆಯವರು ನಕ್ಕರು.

ಅವರ ಮಾತು ಸುಳ್ಳಲ್ಲ. ಗುಬ್ಬಿ ಕಡೆಯ ನಮ್ಮೂರಲ್ಲಿ ತಂಗಡಿಯನ್ನು ಯಾರೂ ನೆಟ್ಟವರಲ್ಲ. ಬದು, ಬೇಲಿ, ಕೆರೆ ಏರಿ, ಎಲ್ಲೆಂದರಲ್ಲಿ ಅದೇ. ಮೇಕೆಗೂ ಅದರ ಮೇಲೆ ಅಷ್ಟೇನೂ ಆಸೆಯಿಲ್ಲ. ಬೆಳಗ್ಗೆ ಹಲ್ಲುಜ್ಜಲು ಅದರ ಕಡ್ಡಿ, ಗದ್ದೆಗೆ ತುಳಿಯಲು ಸೊಪ್ಪು. ದೀಪಾವಳಿ ಬಂತೆಂದರೆ ಅಜ್ಜಿಯ ಅಪ್ಪಣೆ: “ಮಗಾ, ಒಂದ್ ಮಡ್ಲು ತಂಗಡಿ ಹೂ ಕಿತ್ಕಂಬಾ.” ಸಗಣಿ ಉಂಡೆಗಳಿಗೆ ಸಿಕ್ಕಿಸಲು ಅದಕ್ಕಿಂತ ಹಳದಿ ಬೇರೆ ಇರಲಿಲ್ಲ.

ನಮಗೆ ಹೂವಾದದ್ದು ಚರ್ಮ ಹದ ಮಾಡುವವರಿಗೆ ತೊಗಟೆ. ಅದರಲ್ಲಿ ಟ್ಯಾನಿನ್ ಹೇರಳ. 19ನೇ ಶತಮಾನದಲ್ಲಿ ದಕ್ಷಿಣ ಭಾರತದ ಚರ್ಮ ಮದರಾಸಿನಿಂದ ಇಂಗ್ಲೆಂಡಿಗೆ ಹಡಗು ಹತ್ತುತ್ತಿದ್ದದ್ದು ಹೆಚ್ಚಾಗಿ ಈ ತೊಗಟೆಯ ನೀರಿನಲ್ಲಿ ಮಿಂದು. 20ನೇ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ತೊಗಟೆ ಬೇಡದ ಕ್ರೋಮ್ ಹದದ ಪ್ರಯೋಗಕ್ಕೆ ಕೈಹಾಕಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕರಾದವರೂ ಅವರೇ. ಅತ್ತ ದಕ್ಷಿಣ ಆಫ್ರಿಕಾದ ವಾಟಲ್ ತೊಗಟೆಯೂ ಬಂದಿಳಿಯಿತು. ತಂಗಡಿ ಕೊಡಲಿಯಿಂದ ಪಾರಾಯಿತು.

ಪಾರಾದ ಮೇಲೇ ಅದಕ್ಕೆ ಗ್ರಹಚಾರ ಹಿಡಿದದ್ದು. ಕಡಿದರೆ ಬುಡದಿಂದ ಮತ್ತೆ ಚಿಗುರುವ ಜಾತಿ ಅದು. ತೊಗಟೆಗೆ, ಸೊಪ್ಪಿಗೆ, ಹೂವಿಗೆ ಜನ ಬರುತ್ತಿದ್ದ ಕಾಲದಲ್ಲಿ ಆ ಪೊದೆಯನ್ನು ಕೇಳುವವರಿದ್ದರು. ಈಗ ಪೊದೆಯನ್ನು ಕೇಳುವವರಿಲ್ಲ, ಅದು ನಿಂತ ನೆಲಕ್ಕೆ ಗಿರಾಕಿಗಳು. ಕೊಡಲಿ ಬುಡ ಉಳಿಸುತ್ತಿತ್ತು, ಜೆಸಿಬಿ ಉಳಿಸುವುದಿಲ್ಲ.

ಕುಣಿಗಲ್ ರಸ್ತೆ ಬದಿಯಲ್ಲಿ ಉಳಿದ ಪೊದೆಯೊಂದರಿಂದ ಒಣಗಿದ ಕಾಯಿ ತಂದೆ. ಬೀಜದ ಸಿಪ್ಪೆ ಬಲು ಗಟ್ಟಿ. ಒರಟು ಕಲ್ಲಿಗೆ ಉಜ್ಜಿ, ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ, ಮುಂಗಾರು ಶುರುವಾದಾಗ ನೇರ ನೆಲಕ್ಕೇ ಹಾಕಿದೆ. ಗೊಬ್ಬರ ಬೇಡ, ಮೊದಲ ಬೇಸಿಗೆಗಷ್ಟೇ ಒಂದಿಷ್ಟು ನೀರು. ವರ್ಷಕ್ಕೆ 600–700 ಮಿ.ಮೀ. ಮಳೆ ಕಾಣುವ ನಮ್ಮ ಸೀಮೆಯ ಲೆಕ್ಕಾಚಾರ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಹೂ ಬಿಟ್ಟಾಗ ದಪ್ಪ ಕರೀ ದುಂಬಿಗಳು ಬಂದವು. ಈ ಹೂವಿನಲ್ಲಿ ಮಕರಂದವಿಲ್ಲ. ಕೇಸರದ ತುದಿಯ ಸಣ್ಣ ರಂಧ್ರದಿಂದ ಪರಾಗ ಉದುರಬೇಕಾದರೆ ದುಂಬಿ ಅಪ್ಪಿ ಹಿಡಿದು ಗುಂಯ್‌ಗುಟ್ಟಿ ನಡುಗಿಸಬೇಕು. ಸುಮ್ಮನೆ ಕೂತವರಿಗೆ ತಂಗಡಿ ಏನೂ ಕೊಡುವುದಿಲ್ಲ.

ತೆಲಂಗಾಣದವರು 2014ರಲ್ಲಿ ಇದನ್ನು ರಾಜ್ಯದ ಹೂವಾಗಿಸಿಕೊಂಡರು. ಅಲ್ಲಿ ಬತುಕಮ್ಮ ಹಬ್ಬಕ್ಕೆ ಹೆಣ್ಣುಮಕ್ಕಳು ವರ್ಷವರ್ಷವೂ ಇದನ್ನು ಕಿತ್ತು ತಟ್ಟೆಯಲ್ಲಿ ಗೋಪುರ ಕಟ್ಟುತ್ತಾರೆ. ಕೀಳುವ ಕೈ ಇರುವ ಕಡೆ ಹೂವಿಗೆ ಪಟ್ಟವೂ ಬಂತು.

ನಕ್ಕ ನೆರೆಯವರು ಮೊನ್ನೆ ಬೀಜ ಕೇಳಿದರು. ಕೊಟ್ಟೆ, ಒಂದು ಷರತ್ತಿನ ಮೇಲೆ: ಹಬ್ಬಕ್ಕೆ ಹೂ ಕೀಳಬೇಕು, ವರ್ಷಕ್ಕೊಮ್ಮೆ ಕತ್ತರಿ ಹಾಕಬೇಕು, ಬರೀ ನೋಡುತ್ತ ನಿಲ್ಲಬಾರದು.