ಒಂದೂವರೆ ಇಂಚಿನ ಜಗಳ

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಅಂಗಡಿಗೆ ಹೊಸದು ಹೊಲಿಸುವವರಿಗಿಂತ ಹಳೆಯದನ್ನು ಬಿಡಿಸಿಕೊಳ್ಳುವವರೇ ಹೆಚ್ಚು ಬರುತ್ತಾರೆ. ಮೊನ್ನೆ ಒಬ್ಬ ಹುಡುಗಿ ಬೆಂಗಳೂರಿನ ಡಿಸೈನರ್ ಒಬ್ಬರ ಕುರ್ತಾ ತಂದಳು. ನವಿಲುನೀಲಿ ಬಣ್ಣ, ಕತ್ತಿನ ಸುತ್ತ ಹದವಾದ ಕಸೂತಿ, ತೋಳು ಬಿದ್ದ ರೀತಿಯಂತೂ ನನಗೆ ಹೊಟ್ಟೆಕಿಚ್ಚು ಬರುವಷ್ಟು ಚೆನ್ನ. "ಆಂಟಿ, ಸ್ವಲ್ಪ ಬಿಗಿ ಆಗೇದ. ಒಂದಿಂಚ ಲೂಸ್ ಮಾಡಿಕೊಡ್ರಿ" ಅಂದಳು. ತಿರುವಿ ನೋಡಿದೆ. ಹೊಲಿಗೆಯಿಂದ ಕಾಲು ಇಂಚಿಗೆ ಓವರ್‌ಲಾಕ್ ಹೊಡೆದು, ಅಲ್ಲಿಗೆ ಬಟ್ಟೆಯನ್ನು ಮುಗಿಸಿಬಿಟ್ಟಿದ್ದರು. ನಮ್ಮ ಕಟಿಂಗ್ ಮಾಸ್ತರರು ಕನ್ನಡಕ ಏರಿಸಿ ನೋಡಿ, "ಇದು ಲೂಸ್ ಆಗಂಗಿಲ್ಲವ್ವಾ, ನೀನ ಸಣ್ಣ ಆಗಬೇಕು" ಅಂದರು. ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ.

ಬಟ್ಟೆಯ ಒಳಮೈ ನೋಡುವುದು ನನ್ನ ಚಟ. ಮದುವೆ ಮನೆಯಲ್ಲಿ ಪಕ್ಕ ಕೂತವರ ಜಂಪರಿನ ತೋಳಂಚು ಸ್ವಲ್ಪ ಮಗುಚಿದ್ದರೆ ಸಾಕು, ಕಣ್ಣು ಅಲ್ಲಿಗೇ ಹೋಗುತ್ತದೆ. ಊಟದ ಎಲೆಯ ಮೇಲೆ ಏನು ಬಡಿಸಿದರೆಂಬುದು ಆಮೇಲೆ. ಹೊರಮೈಯನ್ನು ಯಾರು ಬೇಕಾದರೂ ಚಂದ ಮಾಡಬಹುದು, ಅದಕ್ಕೆ ದುಡ್ಡಿದ್ದರಾಯಿತು. ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂಬುದರಿಂದ ಹೊಲಿದವರು ತೊಡುವವರ ಬಗ್ಗೆ ಏನು ಯೋಚಿಸಿದ್ದಾರೆಂದು ಗೊತ್ತಾಗುತ್ತದೆ. ನನ್ನ ಅಂಗಡಿಯಲ್ಲಿ ಪಕ್ಕೆಗೆ ಒಂದೂವರೆ ಇಂಚು. ಈ ವಿಷಯದಲ್ಲಿ ಚೌಕಾಸಿ ಇಲ್ಲ.

ನಮ್ಮ ಕಡೆಯ ಹಳೆಯ ದರ್ಜಿಗಳು ಜಂಪರಿನ ಪಕ್ಕೆಗೆ ಮೂರು ಸಾಲು ಹೊಲಿಗೆ ಹಾಕುತ್ತಿದ್ದರು. ಸಾಲಿಗೂ ಸಾಲಿಗೂ ನಡುವೆ ಕಾಲು ಇಂಚು. ಮೈಗೆ ಹತ್ತಿರದ ಸಾಲು ಬಿಚ್ಚಿದರೆ ಎರಡು ಪಕ್ಕೆ, ಹಿಂದೆ ಮುಂದೆ ಸೇರಿ ನಾಲ್ಕು ಕಾಲು, ಅಂದರೆ ಸುತ್ತಳತೆಯಲ್ಲಿ ಸರಿಯಾಗಿ ಒಂದು ಇಂಚು. ಎರಡನೆಯದೂ ಬಿಚ್ಚಿದರೆ ಎರಡು ಇಂಚು. ಬಾಣಂತನ ಮುಗಿಸಿದವಳು ದರ್ಜಿಯ ಮುಖ ನೋಡದೆ, ಸೇಫ್ಟಿ ಪಿನ್ನಿನ ಮೊನೆಯಿಂದಲೇ ಮಧ್ಯಾಹ್ನದೊಳಗೆ ಕೆಲಸ ಮುಗಿಸುತ್ತಿದ್ದಳು. ಮತ್ತೆ ಮೈ ಇಳಿದರೆ ಅದೇ ಗುರುತಿನ ಮೇಲೆ ಮತ್ತೊಂದು ಹೊಲಿಗೆ. ಇಷ್ಟು ಬುದ್ಧಿವಂತಿಕೆಯ ವಿನ್ಯಾಸವನ್ನು ಕಂಡುಹಿಡಿದವರು ಯಾರೆಂದು ಯಾವ ಫ್ಯಾಷನ್ ಪುಸ್ತಕದಲ್ಲೂ ನಾನು ಓದಿಲ್ಲ. ಅವರಿಗೆ ಒಂದು ಲೋಗೊ ಇರಲಿಲ್ಲ, ಅದಕ್ಕೇ ಇರಬೇಕು.

ಇದರಲ್ಲೊಂದು ಗುಟ್ಟಿದೆ. ಮೂರು ಸಾಲು ಹಾಕಿದರಷ್ಟೇ ಸಾಲದು, ತೋಳನ್ನು ಯಾವಾಗ ಜೋಡಿಸುತ್ತೀರಿ ಎಂಬುದು ಮುಖ್ಯ. ಭುಜದ ಹೊಲಿಗೆ ಮುಗಿದ ಕೂಡಲೇ, ಪಕ್ಕೆ ಇನ್ನೂ ತೆರೆದಿರುವಾಗಲೇ, ತೋಳನ್ನು ಚಪ್ಪಟೆಯಾಗಿ ಹಾಸಿ ಕೂಡಿಸಬೇಕು. ಆಮೇಲೆ ತೋಳಿನ ಬಾಯಿಂದ ಶುರುಮಾಡಿ, ಕಂಕುಳ ತಿರುವು ದಾಟಿ, ಸೊಂಟದವರೆಗೆ ಒಂದೇ ಓಟದಲ್ಲಿ ಹೊಲಿಗೆ ಎಳೆಯಬೇಕು. ಆಗ ಬಿಚ್ಚುವಾಗಲೂ ಒಂದೇ ಓಟ. ಕಾಲೇಜಿನಲ್ಲಿ ಕಲಿತು ಬಂದವರು ಮೊದಲು ಪಕ್ಕೆ ಮುಚ್ಚಿ, ತೋಳನ್ನು ಬೇರೆ ಹೊಲಿದು, ಆಮೇಲೆ ಗುಂಡಗೆ ಕೂಡಿಸುತ್ತಾರೆ. ತೋಳು ಹೆಚ್ಚು ಚೆನ್ನಾಗಿ ಬೀಳುತ್ತದೆ, ಒಪ್ಪಿದೆ. ಕೋಟಿಗೆ ಅದೇ ಸರಿ. ಆದರೆ ಜಂಪರಿಗೂ ಕುರ್ತಾಕ್ಕೂ ಹಾಗೆ ಮಾಡಿದರೆ, ಅರ್ಧ ಇಂಚು ಬಿಡಿಸಲು ಇಡೀ ತೋಳನ್ನೇ ಕಿತ್ತು ಕೈಗೆ ತೆಗೆದುಕೊಳ್ಳಬೇಕು. ಕಂಕುಳ ಹತ್ತಿರ ಮಾತ್ರ ಬಟ್ಟೆಯನ್ನು ಅರ್ಧ ಇಂಚಿಗೆ ಇಳಿಸಿ, ಕತ್ತರಿಯ ತುದಿಯಿಂದ ಅಲ್ಲಲ್ಲಿ ಕಚ್ಚು ಕೊಡಿ. ಇಲ್ಲವಾದರೆ ತಿರುವಿನಲ್ಲಿ ಸೆಳೆದು ಚುಚ್ಚುತ್ತದೆ.

ಕಿನಾರಿನ ವಿಷಯದಲ್ಲಿ ನನಗೆ ಇನ್ನೂ ದೊಡ್ಡ ಜಗಳವಿದೆ. ಮಗ್ಗದಿಂದ ಇಳಿದ ಬಟ್ಟೆಯ ಎರಡು ಅಂಚುಗಳು ತಾವಾಗಿಯೇ ಬಿಗಿದುಕೊಂಡಿರುತ್ತವೆ, ಎಳೆ ಬಿಡುವುದಿಲ್ಲ. ಅದನ್ನು ಮೊದಲು ಕತ್ತರಿಸಿ ಬಿಸಾಡಬೇಕೆಂದು ಕೆಲವರು ಹೇಳುತ್ತಾರೆ, ತೊಳೆದಾಗ ಅಂಚು ಹೆಚ್ಚು ಕುಗ್ಗುತ್ತದಂತೆ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿದರೆ ಕುಗ್ಗುವುದೆಲ್ಲ ಕತ್ತರಿಗೆ ಮೊದಲೇ ಕುಗ್ಗುತ್ತದೆಯಲ್ಲ! ನಾನು ಸಾದಾ ಖಾದಿಯ ಕುರ್ತಾ ಕತ್ತರಿಸುವಾಗ ಪಕ್ಕೆಯ ಕೆಳಭಾಗ ಕಿನಾರಿಗೇ ಬರುವಂತೆ ಇಡುತ್ತೇನೆ. ಸ್ಲಿಟ್ಟಿನ ಅಂಚನ್ನು ಎರಡು ಸಲ ಮಡಚುವ ಕೆಲಸವಿಲ್ಲ, ಓವರ್‌ಲಾಕ್ ಬೇಕಿಲ್ಲ. ನೇಕಾರ ಆಗಲೇ ಮುಗಿಸಿಕೊಟ್ಟ ಕೆಲಸವನ್ನು ಕತ್ತರಿಸಿ ಎಸೆದು, ಅದನ್ನೇ ಮೆಷಿನ್ನಿನಲ್ಲಿ ಕೆಟ್ಟದಾಗಿ ಮತ್ತೆ ಮಾಡುವ ಜಾಣತನ ನನಗೆ ಅರ್ಥವಾಗಿಲ್ಲ.

ಗುಳೇದಗುಡ್ಡದ ಖಣದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದರ ಚೆಲುವೆಲ್ಲ ಅಂಚಿನಲ್ಲೇ ಇದೆ. ಅದನ್ನು ಪಕ್ಕೆಯೊಳಗೆ ಹೂತಿಟ್ಟರೆ ಪಾಪ. ಪನ್ನ ಚಿಕ್ಕದು, ಜಂಪರಿಗೆಂದೇ ನೇಯ್ದದ್ದು. ಅದರಲ್ಲಿ ಉದ್ದ ಕುರ್ತಾ ಹೊಲಿಯುತ್ತೇನೆಂದು ಹೊರಟವರು ಅಂಚನ್ನು ಹೊಟ್ಟೆಯ ಮೇಲೆ ಅಡ್ಡಡ್ಡ ತಂದು ಕೂರಿಸುವುದನ್ನು ಕಂಡಿದ್ದೇನೆ. ಪವರ್‌ಲೂಮಿನ ಪಾಲಿಯೆಸ್ಟರಿಗೆ ಖಣದ ನಮೂನೆ ಒತ್ತಿ 'ಕೈಮಗ್ಗ' ಎಂದು ಚೀಟಿ ಕಟ್ಟುವವರ ವಿಷಯ ಎತ್ತಿದರೆ ನನಗೆ ರಕ್ತದೊತ್ತಡ. 2006ರಿಂದ ಕೈಮಗ್ಗದ ಗುರುತುಚೀಟಿ ಅಂತ ಸರಕಾರದ್ದೇ ಒಂದಿದೆ. ಅದನ್ನು ಕೇಳಿ ನೋಡುವ ಗಿರಾಕಿ ಅಪರೂಪ, ತೋರಿಸುವ ಅಂಗಡಿ ಇನ್ನೂ ಅಪರೂಪ.

ಅಳತೆಯ ಕಟ್ಟುನಿಟ್ಟು ನಮ್ಮ ಸೀಮೆಗೆ ಹೊಸದೇನಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ಹೊಲಿಯುತ್ತಾರೆ. ಒಂಬತ್ತು ಅಳತೆಗಳು, ಆರು ಇಂಚಿಗೆ ನಾಲ್ಕು ಇಂಚಿನ ಮೇಜಿನ ಧ್ವಜದಿಂದ ಇಪ್ಪತ್ತೊಂದು ಅಡಿಗೆ ಹದಿನಾಲ್ಕು ಅಡಿಯವರೆಗೆ. ಎಳೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಮಾನಕವಿದೆ, ತಪ್ಪಿದರೆ ತಿರಸ್ಕಾರ. ಅಲ್ಲಿ ಒಳಗೆ ಬಟ್ಟೆ ಬಿಡಬೇಕಾಗಿಲ್ಲ, ಧ್ವಜ ದಪ್ಪಗಾಗುವುದಿಲ್ಲ. ಮನುಷ್ಯರಿಗೆ ಮಾತ್ರ ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಮೂರು ಗೂಟ ಹೊಡೆದು ಕಟ್ಟುತ್ತಾರೆ. ಆ ಗೂಟಗಳೂ ನಮ್ಮವಲ್ಲ, ಇಂಗ್ಲೆಂಡು ಅಮೆರಿಕಗಳ ಅಳತೆಯ ಪಟ್ಟಿಯಿಂದ ಕಿತ್ತು ತಂದವು. ಭಾರತದವರ ಮೈಯಳತೆಗೇ ಒಂದು ಪಟ್ಟಿ ಬೇಕೆಂದು ನಿಫ್ಟ್ ಸಂಸ್ಥೆ 'ಇಂಡಿಯಾ ಸೈಜ್' ಎಂಬ ಯೋಜನೆ ಹಾಕಿಕೊಂಡಿತು: ಆರು ನಗರ, ಇಪ್ಪತ್ತೈದು ಸಾವಿರ ಜನ, ತ್ರೀಡಿ ಸ್ಕ್ಯಾನರಿನಲ್ಲಿ ಅಳತೆ. ಆರರಲ್ಲಿ ಬೆಂಗಳೂರೂ ಒಂದು. ಒಳ್ಳೆಯ ಕೆಲಸವೇ. ಆದರೂ ಆ ಪಟ್ಟಿಯಲ್ಲಿನ ಹೆಂಗಸು ದೀಪಾವಳಿಗೆ ಮೊದಲಿನವಳೋ ನಂತರದವಳೋ ಎಂದು ಯಾವ ಸ್ಕ್ಯಾನರೂ ಹೇಳಲಾರದು. ಅದಕ್ಕೆ ಒಂದೂವರೆ ಇಂಚೇ ಮದ್ದು.

ನನ್ನ ವೃತ್ತಿಯ ಗೆಳತಿಯರ ಮುಂದೆ ಇಷ್ಟೆಲ್ಲ ಹೇಳಿದರೆ ಅವರ ಉತ್ತರ ಸಿದ್ಧ: "ಒಳಗೆ ದಪ್ಪ ಆಗ್ತದ, ಫಿನಿಶಿಂಗ್ ಬರಂಗಿಲ್ಲ, ಕಂಪನಿಯವರು ಹಿಂಗ ಮಾಡ್ತಾರೇನು?" ಸಿಟ್ಟು ಬರುವುದು ಇಲ್ಲೇ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಒಂದೇ ನಮೂನೆಯ ಅಂಗಿ ಸಾವಿರಗಟ್ಟಲೆ ಹೊರಡುತ್ತದೆ. ಅಂಗಿಗೆ ಎರಡು ಇಂಚು ಉಳಿಸಿದರೂ ಸಾವಿರಕ್ಕೆ ಐವತ್ತು ಮೀಟರ್. ಓವರ್‌ಲಾಕಿನ ಚಾಕು ಕತ್ತರಿಸುತ್ತಲೇ ಹೊಲಿಯುತ್ತದೆ, ಒಂದೇ ಏಟಿಗೆ ಎರಡು ಕೆಲಸ. ಆ ಅಂಗಿ ತೊಡುವವನು ಸಮುದ್ರದಾಚೆ ಇದ್ದಾನೆ, ಬಿಗಿಯಾಯಿತೆಂದು ಪೀಣ್ಯಕ್ಕೆ ಬರಲಾರ. ಅವರಿಗೆ ಅದು ಸರಿ. ಆದರೆ ಒಂದು ನಮೂನೆಗೆ ಇಪ್ಪತ್ತು ಕುರ್ತಾ ಹೊಲಿದು, ಇಪ್ಪತ್ತೂ ಗಿರಾಕಿಗಳ ಮನೆ ಗೊತ್ತಿರುವ ನಾವು ಯಾಕಮ್ಮ ಚಾಕು ಹಿಡಿಯಬೇಕು? ದೊಡ್ಡ ಕಂಪನಿ ಮಾಡಲಾರದ್ದನ್ನು ಮಾಡಬಲ್ಲೆವೆಂಬ ಒಂದೇ ಬಲ ನಮಗಿರುವುದು. ಬಿಗಿಯಾದ ಕುರ್ತಾ ಬಿಡಿಸಿಕೊಳ್ಳಲು ಬಂದವಳು ಬರಿಗೈಲಿ ಹೋಗುವುದಿಲ್ಲ, ನೇತುಹಾಕಿದ ಹೊಸದನ್ನೊಮ್ಮೆ ಮುಟ್ಟಿ ನೋಡಿಯೇ ಹೋಗುತ್ತಾಳೆ. ನನ್ನ ಅಂಗಡಿ ನಡೆದಿರುವುದೇ ಹೀಗೆ. ಫೋಟೊ ತೆಗೆಸಲು, ಮಾಡೆಲಿಗೆ, ಡಬ್ಬಿಗೆ, ಡಬ್ಬಿಯೊಳಗಿನ ಬಣ್ಣದ ಕಾಗದಕ್ಕೆ ದುಡ್ಡು ಹುಡುಕುವವರು ಕುರ್ತಾದ ಪಕ್ಕೆಯ ಮಾತು ಬಂದಾಗ ಮಾತ್ರ ಕೈ ಬಿಗಿಹಿಡಿಯುತ್ತಾರೆ.

ಬಿಗಿಹಿಡಿಯಲು ಸರಕಾರವೂ ಒಂದು ನೆವ ಕೊಟ್ಟಿದೆ, ನಿಜ. 2025ರ ಸೆಪ್ಟೆಂಬರ್ 22ರಿಂದ ಉಡುಪಿನ ಬೆಲೆ 2,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18. ಅಂದರೆ 2,500ರ ಕುರ್ತಾಕ್ಕೆ ಗಿರಾಕಿ ಕೊಡುವುದು 2,625. ಅದಕ್ಕೇ ನಾನು ಒಂದು ರೂಪಾಯಿ ಏರಿಸಿದರೆ ಅವಳು ಕೊಡಬೇಕಾದ್ದು 2,951. ಒಳಗೆ ಬಿಟ್ಟ ಬಟ್ಟೆ, ಮೂರನೆಯ ಸಾಲು ಹೊಲಿಗೆ, ನಿಜವಾದ ಕೈಮಗ್ಗ ಇವಿಷ್ಟೂ ಸೇರಿದ ಕುರ್ತಾ ಆ ಗೆರೆಯ ಹತ್ತಿರ ಹತ್ತಿರವೇ ಬಂದು ನಿಲ್ಲುತ್ತದೆ. ಗೆರೆ ದಾಟದಿರಲೆಂದು ಮೊದಲು ಕೊಯ್ಯುವುದು ಕಾಣದ್ದನ್ನೇ. ರಂಗಕರ್ಮಿ ಪ್ರಸನ್ನ ಅವರು ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ 'ಚರಕ' ಸಂಸ್ಥೆಯ ಹೆಣ್ಣುಮಕ್ಕಳ ಜೊತೆ ಅಡಿಕೆ ಚೊಗರಿನ ಬಣ್ಣ ಹಾಕಿ ಬಟ್ಟೆ ಮಾಡಿಸಿದವರು. 2017ರಲ್ಲಿ ಕೈಉತ್ಪನ್ನಕ್ಕೆ ತೆರಿಗೆಯೇ ಬೇಡವೆಂದು ಉಪವಾಸ ಕೂತರು. ಆಗ ಅದು ಅತಿಯಾಯಿತೆಂದು ನಕ್ಕವರಲ್ಲಿ ಕೆಲವರು ಈಗ 2,499ರ ಚೀಟಿ ಬರೆಯುತ್ತಾ ಕೂತಿದ್ದಾರೆ.

ಆದರೂ ಎಲ್ಲ ತೆರಿಗೆಯ ತಲೆಗೆ ಕಟ್ಟುವಂತಿಲ್ಲ. ಒಂದೂವರೆ ಇಂಚು ಎಲ್ಲಿ ಮಾಯವಾಗುತ್ತದೆಂದು ನಮ್ಮ ಮಾಸ್ತರರನ್ನು ಕೇಳಿದೆ. ಅವರು ಕತ್ತರಿ ಕೆಳಗಿಟ್ಟು ಹೇಳಿದರು: "ಅಕ್ಕಾರ, ಪೀಸಿಗಿಷ್ಟು ಅಂತ ರೊಕ್ಕ ಕೊಟ್ರ ಮೂರನೇ ಸಾಲು ಯಾರು ಹಾಕ್ತಾರ್ರೀ? ಅಷ್ಟೊತ್ತಿಗೆ ಇನ್ನೊಂದು ತೋಳು ಕೂಡಸ್ತಾರ." ಪೀಸಿನ ಲೆಕ್ಕದಲ್ಲಿ ಕೂಲಿ ಕೊಟ್ಟು ಮಗ್ಗದ ಬಟ್ಟೆಗೆ ನಿಧಾನದ ಹೊಲಿಗೆ ಕೇಳುವುದು ಮೋಸ. ನಿಮ್ಮ ಹೆಸರಿನಲ್ಲಿ ಉಡುಪು ಮಾಡಿ ಮಾರಬೇಕೆಂದಿದ್ದರೆ ಹೆಸರು, ಬಣ್ಣ, ಬೋರ್ಡು ನಿಧಾನಕ್ಕೆ ಮಾಡಿಸಿ. ಮೊದಲು ಕಂಕುಳ ತಿರುವು ಬಲ್ಲ ಒಬ್ಬ ಮಾಸ್ತರರನ್ನು ಹುಡುಕಿ, ಅವರಿಗೆ ತಿಂಗಳ ಪಗಾರ ಗೊತ್ತುಮಾಡಿ, ಒಂದನೇ ತಾರೀಖಿಗೆ ಕೊಡಿ.